ನಿಂತ ಗಡಿಯಾರದ ಕೀಲಿ

ಕೀಲಿ ಇರಲಿಲ್ಲ.

ಗಾಜಿನ ಪೆಟ್ಟಿಗೆಯ ಮೇಲಿನ ಹೊದಿಕೆ ಸರಿಸಿದ ಸಂಗ್ರಹಾಲಯದ ಕಾವಲುಗಾರ್ತಿ ಮತ್ತೊಮ್ಮೆ ಬಗ್ಗಿ ನೋಡಿದಳು. ಎಡಕ್ಕೆ ನಗರಸಭೆಯ ಹೆಸರಾಂತ ಅಧ್ಯಕ್ಷರ ಟೋಪಿ ಇತ್ತು. ಬಲಕ್ಕೆ, ಸಭಾಭವನದ ಆಳೆತ್ತರದ ಗಡಿಯಾರಕ್ಕೆ ವರ್ಷಗಟ್ಟಲೆ ಕೀಲಿ ಕೊಟ್ಟವನ ಹಿತ್ತಾಳೆ ಕೀಲಿ ಇರಬೇಕಾದಲ್ಲಿ—ಬರೀ ಮಖಮಲ್ಲು. ಪೆಟ್ಟಿಗೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಊರನ್ನು ಆಳಿದವರೂ ಊರಿಗಾಗಿ ದುಡಿದವರೂ ಒಂದೇ ಪೆಟ್ಟಿಗೆಯಲ್ಲಿ—ಇದೇ ಪ್ರದರ್ಶನದ ಹೆಚ್ಚುಗಾರಿಕೆ. ನಿಂತುಹೋದ ಆ ಗಡಿಯಾರವನ್ನೂ ತಂದು ಎದುರಿನ ಗೋಡೆಗೆ ಇರಿಸಿದ್ದರು. ಮಧ್ಯಾಹ್ನವೇ ಉದ್ಘಾಟನೆ.

"ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗಮ್ಮ ಹೇಳೋದು?" ಸಂಗ್ರಹಾಲಯದ ಅಧಿಕಾರಿ ಶತಪಥ ಹಾಕುತ್ತಿದ್ದ. "ಮಧ್ಯಾಹ್ನದೊಳಗೆ ಸಿಗದಿದ್ರೆ ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೋ."

ಅವಳು ಚಿಕ್ಕಮ್ಮನಿಗೆ ಫೋನು ಮಾಡಿದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಚಿಕ್ಕಮ್ಮ ಮೊಣಕಾಲು ಒತ್ತಿಕೊಳ್ಳುತ್ತ ಬಂದಳು.

"ಬೀಗ ಹಾಕೋವಾಗ ಕೀಲಿ ಇತ್ತೇನೇ?"

"ಇದ್ದಿರಬೇಕು... ಬೀಗ ಜಗ್ಗಿ ನೋಡ್ದೆ ಚಿಕ್ಕಮ್ಮ. ಒಳಗೆ ನೋಡ್ಲಿಲ್ಲ."

"ಭೇಷ್. ತೊಟ್ಟಿಲು ಕಾಯ್ದೆ, ಮಗೂನ ಮರೆತೆ. ಒಳಗೆ ಕೈ ಹಾಕಿದವರು ಯಾರ್‍ಯಾರು?"

ಹಿರಿಯರ ವಸ್ತುವನ್ನು ಆಯಾ ಮನೆಯವರೇ ಕೈಯಾರೆ ಇಡಬೇಕೆಂದು ಅಧಿಕಾರಿ ಗೊತ್ತುಮಾಡಿದ್ದ. ಹಿಂದಿನ ಸಂಜೆ ಮೊದಲು ಗಡಿಯಾರದವನ ಮಗಳು ಕೀಲಿ ಇಟ್ಟಳು. ಆಮೇಲೆ ಅಧ್ಯಕ್ಷರ ಮೊಮ್ಮಗ ಟೋಪಿ ಇಟ್ಟ. ಕೊನೆಗೆ ಬೀಗ, ಹೊದಿಕೆ. ಇಬ್ಬರಿಗೂ ಹೇಳಿಕಳಿಸಿದರು.

"ನಾನ್ಯಾಕೆ ಕದೀಲಿ?" ಮಗಳ ಮುಖ ಕೆಂಪೇರಿತು. "ಇವತ್ತು ಎಲ್ಲರೆದುರು ಗಡಿಯಾರಕ್ಕೆ ಕೀಲಿ ಕೊಡ್ತೀನಿ ಅಂತ ನಿನ್ನೆ ಇಲ್ಲೇ ಇವರಿಗೆಲ್ಲ ಹೇಳಿದ್ದೆ."

"ಅದು ಓಡೋ ಗಡಿಯಾರವಲ್ಲ," ಎಂದ ಮೊಮ್ಮಗ. "ತಾತ ಹೋದ ದಿನ ದುಃಖ ತಾಳಲಾರದೆ ನಿಂತಿದ್ದು. ಊರಿಗೇ ಗೊತ್ತು. ನನ್ನ ಭಾಷಣವೂ ಅದರ ಮೇಲೇ."

"ಟೋಪಿ ಎಲ್ಲಿಟ್ರಿ?"

"ಕಾಣ್ತಿದೆಯಲ್ಲ, ಎಡಗಡೆ."

"ಮೊದಲೇ ಅಲ್ಲಿಟ್ರಾ?"

"ಇನ್ನೆಲ್ಲಿ? ಇಟ್ಟೆ, ಕೈ ತೆಗೆದೆ."

ಕಾವಲುಗಾರ್ತಿ ಬೀಗದ ಕೈಯನ್ನು ತಿರುವುತ್ತಲೇ ಇದ್ದಳು.

"ಅದನ್ನ ಬಿಡು, ಟಾರ್ಚ್ ತಾ," ಎಂದಳು ಚಿಕ್ಕಮ್ಮ. "ಮೇಲಿಂದಲ್ಲ, ಪಕ್ಕದಿಂದ ಹಿಡಿ."

ಓರೆ ಬೆಳಕಿನಲ್ಲಿ ಮಖಮಲ್ಲು ಮಾತಾಡಿತು. ಬಲಗಡೆ ಕೀಲಿ ಒತ್ತಿದ ಗುರುತು. ಅದರ ಸುತ್ತ—ಟೋಪಿಯ ಅಂಚಿನಷ್ಟೇ ಅಗಲದ, ಬಳೆಯಂಥ ಇನ್ನೊಂದು ಗುರುತು.

"ಬೀಗ ಯಾರೂ ತೆಗೆದಿಲ್ಲ. ಹಾಕೋಕೆ ಮೊದಲೇ ಕೀಲಿ ಹೋಗಿತ್ತು," ಎಂದಳು ಚಿಕ್ಕಮ್ಮ. "ನೀವೆಲ್ಲ ಬೀಗ ನೋಡಿದ್ರಿ, ಬಟ್ಟೆ ನೋಡ್ಲಿಲ್ಲ. ಟೋಪಿ ಮೊದಲು ಕೂತದ್ದು ಕೀಲಿ ಮೇಲೆ. ಸರಿಮಾಡೋ ನೆಪದಲ್ಲಿ ಎತ್ತಿದಾಗ, ಅಂಚಿನ ಕೆಳಗಿನ ಬೆರಳಲ್ಲಿ ಕೀಲಿನೂ ಬಂತು. ಇಟ್ಟಮೇಲೆ ಎತ್ತಲೇ ಇಲ್ಲ ಅಂತ ಸುಳ್ಳು ಹೇಳಿದ್ದು ಒಬ್ಬರೇ. ನೀವು ತೆಗೆದದ್ದು, ಸ್ವಾಮಿ."

ಮೊಮ್ಮಗನ ಕೈ ಕೋಟಿನ ಒಳಜೇಬಿಗೆ ಹೋಯಿತು. ಕೀಲಿ ಹೊರಬಂತು.

"ಅದು ಓಡಿಬಿಟ್ರೆ... ತಾತನ ಕಥೆ ಸುಳ್ಳಾಗೋದು. ಚಿಕ್ಕಂದಿನಿಂದ ಕೇಳಿದ ಕಥೆ."

"ಬೇರೆಯವರ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ," ಚಿಕ್ಕಮ್ಮ ಕಾವಲುಗಾರ್ತಿಯನ್ನು ತೋರಿಸಿದಳು. ಅವನು ತಲೆ ತಗ್ಗಿಸಿ ಅವಳಲ್ಲಿ ಕ್ಷಮೆ ಕೇಳಿದ.

ಗಡಿಯಾರದವನ ಮಗಳು ಕೀಲಿಯನ್ನು ಸೆರಗಿನಿಂದ ಒರೆಸಿದಳು. "ದುಃಖ ನಿಜಾನೇ ಅಣ್ಣ. ಗಡಿಯಾರದ್ದಲ್ಲ ಅಷ್ಟೇ. ನಿಮ್ಮ ತಾತ ದಿನಾ ಅಪ್ಪನ ಜೊತೆ ಗಡಿಯಾರದ ಹತ್ರ ನಿಂತು ಮಾತಾಡ್ತಿದ್ರಂತೆ. ಅವರು ಹೋದ ದಿನ ಅಪ್ಪಂಗೆ ಕೀಲಿ ಕೊಡೋಕೆ ಕೈ ಬರ್ಲಿಲ್ಲ. ಆಮೇಲೂ ಬರ್ಲಿಲ್ಲ, ಕೆಲಸಾನೇ ಬಿಟ್ರು."

ಮೊಮ್ಮಗ ಭಾಷಣದ ಹಾಳೆ ಮಡಿಚಿಟ್ಟ. "ಇದನ್ನೇ ಹೇಳ್ತೀನಿ ಭಾಷಣದಲ್ಲಿ. ಪಕ್ಕದಲ್ಲಿ ನಿಂತ್ಕೊಳ್ತೀಯಾ ತಂಗಿ?"

ಅವಳು ತಲೆಯಾಡಿಸಿದಳು. ಓಡುತ್ತದೋ ನೋಡಲು ಗಡಿಯಾರಕ್ಕೆ ಕೀಲಿ ಕೊಟ್ಟು ಲೋಲಕ ತಳ್ಳಿದಳು. ಗರಗರ ಸದ್ದು, ಒಂದು ಕೆಮ್ಮು, ಆಮೇಲೆ—ಟಕ್. ಟಕ್. ಅಧಿಕಾರಿಯ ಶತಪಥ ನಿಂತಿತು.

ಕೀಲಿ ಮತ್ತೆ ಟೋಪಿಯ ಪಕ್ಕ ಕೂತಿತು. ಕಾವಲುಗಾರ್ತಿ ಮೊದಲು ಒಳಗೆ ನೋಡಿದಳು. ಆಮೇಲೆ ಬೀಗ ಹಾಕಿದಳು.