ಶೆಟ್ಲಿಗೆ ಮೂರು ವಾರ

"ಆ ಮೀನು ಎಸೀಬೇಡಿ."

ಎತ್ತಿದ ಕೈ ಅಲ್ಲೇ ನಿಂತಿತು. ತನ್ನ ಮಣಿಕಟ್ಟು ಹಿಡಿದವನನ್ನು ಸುಚಿತಾ ಕೆಕ್ಕರಿಸಿ ನೋಡಿದಳು. ಪರಿಚಯವೇ ಇಲ್ಲದ ಗಂಡಸು, ಕುಮಟಾದ ಮೈದಾನದಲ್ಲಿ, ಹತ್ತು ಜನ ತಮ್ಮ ತಮ್ಮ ನಾಯಿ ಹಿಡಿದು ನೋಡುತ್ತಿರುವಾಗ... ಎಷ್ಟು ಧೈರ್ಯ ಇವನಿಗೆ!

ಅವನು ಕೈಬಿಟ್ಟು ಕ್ಷಮೆ ಕೇಳಿದ. ಪ್ರತಿ ಭಾನುವಾರ ಇಲ್ಲಿ ನಾಯಿಗಳಿಗೆ ತರಬೇತಿ ಕೊಡುವ ಅನೂಪ ಅವನೇ. ಸುಚಿತಾಳ ಕಾಲ ಬಳಿ ಅವಳ ನಾಯಿ ಶೆಟ್ಲಿ ಇನ್ನೂ ಬೊಗಳುತ್ತಲೇ ಇತ್ತು.

"ಬೊಗಳಿದ್ರೆ ಮೀನು ಸಿಗ್ತದೆ ಅಂದ್ರೆ ಅದು ಸುಮ್ನೆ ಎಂತಕ್ಕೆ ಇರ್ಬೇಕು?" ಎಂದ.

ಅವಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಹೊಳನಗದ್ದೆಯ ಅವರ ಓಣಿಯಲ್ಲಿ ಅಮ್ಮ ಹೊನ್ನಮ್ಮ ಸೇರಿ ಮೀನು ಮಾರುವ ಹೆಂಗಸರೆಲ್ಲ ಮಾಡುತ್ತಿದ್ದುದು ಅದನ್ನೇ. ಬುಟ್ಟಿಗೆ ಅಡ್ಡ ಬಂದು ನಾಯಿ ಗುರ್ ಎಂದರೆ, ಒಂದು ಮೀನು ದೂರಕ್ಕೆ ಎಸೆದು ದಾರಿ ಬಿಡಿಸಿಕೊಳ್ಳುವುದು. ಮರಿಯಿದ್ದಾಗಿನಿಂದ ಶೆಟ್ಲಿ ಕಲಿತ ವಿದ್ಯೆ ಅದೊಂದೇ.

ಕಳೆದ ಮಂಗಳವಾರ ಪಕ್ಕದ ಮನೆಯ ಕೃಷ್ಣಾನಂದ ಮೀನಿನ ಚೀಲ ಹಿಡಿದು ಬಂದಿದ್ದರು. ಅವರು ಏನನ್ನೂ ಎಸೆಯಲಿಲ್ಲ. ಶೆಟ್ಲಿ ಕಾಲಿಗೇ ಬಾಯಿ ಹಾಕಿತು. ಮೂರು ವಾರದಲ್ಲಿ ನಾಯಿ ಸರಿಹೋಗದಿದ್ದರೆ ಟೆಂಪೋದಲ್ಲಿ ಹಾಕಿ ಭಟ್ಕಳದ ಆಚೆ ಬಿಟ್ಟು ಬರುತ್ತೇನೆ ಎಂದು ಅವರು ಅಂದೇ ಖಡಾಖಂಡಿತವಾಗಿ ಹೇಳಿದ್ದರು.

ಅಪ್ಪ ತೀರಿಕೊಂಡ ವರ್ಷ ಅವಳ ಮಗ್ಗುಲಲ್ಲಿ ಮಲಗಿ ಬೆಳೆದ ಜೀವ ಅದು. ಅದನ್ನು ಬಿಟ್ಟು ಅವಳು ಹೇಗಿದ್ದಾಳು?

ಗಡುವಿನ ಸಂಗತಿಯೆಲ್ಲ ಕೇಳಿಕೊಂಡ ಅನೂಪ ಹೇಳಿದ ಪಾಠ ಬಲು ಸುಲಭ. ಎಸೆಯುವುದು ಬಂದ್. ನಾಯಿ ಕೂತು ಸುಮ್ಮನಾದ ಮೇಲೆ ಮಾತ್ರ ಒಂದು ತುಣುಕು, ಅದೂ ಕೈಯಿಂದ. ಎರಡನೇ ಭಾನುವಾರಕ್ಕೆ ಶೆಟ್ಲಿ ಕೂರಲು ಕಲಿತಿತು. ಎಸೆಯದಿರಲು ಹೊನ್ನಮ್ಮ ಮಾತ್ರ ಇನ್ನೂ ಕಲಿತಿರಲಿಲ್ಲ! ಅದನ್ನು ಹೇಳಿದಾಗ ಅನೂಪ ಜೋರಾಗಿ ನಕ್ಕ. ಆ ನಗು ಬಸ್ಸಿನಲ್ಲಿ ಮನೆಯವರೆಗೂ ಸುಚಿತಾಳ ಜೊತೆಗೇ ಬಂತು.

ಆದರೆ ಶುಕ್ರವಾರ ಸಂಜೆ ಕೃಷ್ಣಾನಂದರ ಜಗಲಿಯಲ್ಲಿ ಅನೂಪನ ದನಿ ಕೇಳಿತು.

"ಟೆಂಪೋ ಎಲ್ಲ ಬೇಡ. ನಾಯಿನ ನಾನೇ ತಗೊಂಡು ಹೋಗ್ತೆ."

ನಂಬಿಸಿ ಕತ್ತು ಕೊಯ್ದನಲ್ಲ... ಮುಂದಿನ ಮಾತು ಕೇಳಲು ಅವಳು ನಿಲ್ಲಲೇ ಇಲ್ಲ. ಆ ಭಾನುವಾರ ತರಬೇತಿಗೂ ಹೋಗಲಿಲ್ಲ, ಅವನ ಫೋನನ್ನೂ ಎತ್ತಲಿಲ್ಲ. ಹಟ ಹಿಡಿದು ಅಂಗಳದಲ್ಲೇ ಶೆಟ್ಲಿಗೆ ಕಲಿಸಿದಳು.

ಗಡುವಿನ ಮಂಗಳವಾರ ಬೆಳಿಗ್ಗೆ ಕೃಷ್ಣಾನಂದ ಮೀನಿನ ಚೀಲ ಹಿಡಿದೇ ಬಂದರು. ಹಿಂದೆ ಅನೂಪ. ಅವನ ಕೈಯಲ್ಲಿ ಹಗ್ಗ ಕಂಡು ಅವಳ ಕಣ್ಣು ತುಂಬಿತು.

ಶೆಟ್ಲಿ ಗುರ್ ಎಂದಿತು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹೊನ್ನಮ್ಮ ನೋಡಲಾರದೆ ಒಳಗೆ ಹೋದಳು.

"ಶೆಟ್ಲಿ, ಕೂತ್ಕೋ," ಎಂದಳು ಸುಚಿತಾ.

ಅದು ಚೀಲ ನೋಡಿತು. ಅವಳನ್ನು ನೋಡಿತು. ಒಂದು ಹೆಜ್ಜೆ ಮುಂದಿಟ್ಟಿತು... ಮತ್ತೆ ಅವಳತ್ತ ತಿರುಗಿತು. ಕೊನೆಗೆ ಕೂತುಬಿಟ್ಟಿತು.

ಕೃಷ್ಣಾನಂದ ಅದರ ಎದುರೇ ಎರಡು ಸಲ ಓಡಾಡಿ ನೋಡಿದರು. ಶೆಟ್ಲಿ ಮಿಸುಕಲಿಲ್ಲ.

"ಆತು, ಇಟ್ಕೊಳ್ಳೆ," ಎಂದರು. "ಕಲೀದಿದ್ರೆ ನನ್ನ ಮನೇಲೇ ಸಾಕ್ತೆ, ದೂರ ಬಿಡ್ಬೇಡಿ, ಸುಚಿತಾ ದಿನಾ ಬಂದು ನೋಡ್ಬಹುದು ಅಂತ ಈ ಅನೂಪ ಕೈಮುಗಿದು ಕೇಳಿದ್ದ."

ಕೃಷ್ಣಾನಂದ ಹೋದ ಮೇಲೂ ಅವಳಿಗೆ ಅನೂಪನೆದುರು ತಲೆಯೆತ್ತಲು ಆಗಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

"ನಂಗೆ ಒಂದು ಮಾತು ಹೇಳ್ಬಹುದಿತ್ತು," ಎಂದಳು.

"ಹೇಳಿದ್ರೆ, ನೀವು ಸೋಲ್ತ್ರಿ ಅಂತ ನಾನೇ ಹೇಳಿದ ಹಾಗಾಗ್ತಿತ್ತು."

ಅವಳು ಕಣ್ಣೊರೆಸಿಕೊಂಡಳು. ಇನ್ನು ಭಾನುವಾರ ಬರುವುದು ಬೇಡವೇ ಎಂದು ಮೆಲ್ಲಗೆ ಕೇಳಿದಳು. ಶೆಟ್ಲಿ ಬರದಿದ್ದರೂ ನಡೆಯುತ್ತದೆ ಎಂದ ಅನೂಪ.

"ನೀವು ಬರದ ಭಾನುವಾರ ನಂಗೆ ಎಂತದೂ ಕಲಿಸ್ಲಿಕ್ಕೆ ಆಗ್ಲಿಲ್ಲ. ನಂಗೆ ನೀವು ಬೇಕು, ಸುಚಿತಾ."

"ಅದನ್ನ ಅಮ್ಮನ ಹತ್ರ ಕೇಳಿ."

"ಈಗ್ಲೇ?"

"ಈಗ್ಲೇ. ಗಂಜಿ ಆಗಿದೆ, ಕೈಕಾಲು ತೊಳ್ಕೊಂಡು ಒಳಗೆ ಬನ್ನಿ."