ಟ್ರ್ಯಾಕ್ಟರ್ ಮೇಲಿನ ಸ್ಟಾರ್‌ಬೋರ್ಡ್

"ಸ್ಟಾರ್‌ಬೋರ್ಡ್ ಟೆನ್!" ಸುರಜ ಕೂಗಿದ.

"ಸ್ಟಾರ್‌ಬೋರ್ಡ್ ಟೆನ್!" ಎಂದು ಮನೀಷಾ, ಬಂದ್ ಮಾಡಿ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಸ್ಟೇರಿಂಗನ್ನು ಹತ್ತು ಡಿಗ್ರಿಯಷ್ಟು ಬಲಕ್ಕೆ ಎಳೆದಳು. "ಸ್ಟಾರ್‌ಬೋರ್ಡ್ ಟೆನ್ ಆಗೇತ್ರಿ, ಸಾಹೇಬ್ರ!"

ಏಕಸಂಬಿಯ ಕಬ್ಬಿನ ಹೊಲಕ್ಕೆ ಹಡಗು ಎಲ್ಲಿಂದ ಬರಬೇಕು? ಶುಕ್ರವಾರ ಹೊರಟು ಅವನು ಮೊದಲ ಸಲ ಥರ್ಡ್ ಆಫೀಸರ್ ಆಗಿ ಹಡಗು ಹತ್ತಬೇಕಿತ್ತು. ಆರ್ಡರ್ ಕೊಡಲು ಹೋದರೆ ನಾಲಿಗೆ ತೊದಲುತ್ತಿತ್ತು. ಪಕ್ಕದ ಹೊಲದ ಲಗಮಣ್ಣನ ಮಗಳು ಮನೀಷಾ, "ನಮ್ಮ ಟ್ರ್ಯಾಕ್ಟರ್ ಮ್ಯಾಲ ರೂಢಿ ಮಾಡ್ಕೋ ಬಾ" ಎಂದು ನಕ್ಕು ಕರೆದಿದ್ದಳು.

ನಿಯಮವನ್ನೂ ಅವನೇ ಕಲಿಸಿದ್ದ. ಚುಕ್ಕಾಣಿ ಹಿಡಿದವರು ಆಫೀಸರ್ ಹೇಳಿದ್ದನ್ನು ಮೊದಲು ಹಾಗೇ ತಿರುಗಿ ಹೇಳಬೇಕು. ಕೇಳಿಸಿತು ಎಂದಷ್ಟೇ ಅದರರ್ಥ. ಕೆಲಸ ಪೂರಾ ಆದ ಮೇಲೆ 'ಆಗೇತ್ರಿ' ಎಂದು ಇನ್ನೊಮ್ಮೆ ಹೇಳಬೇಕು. ಇದರಲ್ಲಿ ಎಡವಟ್ಟಾದರೆ ಹಡಗಿಗೆ ಹಡಗು ಹೊಡೆಯುತ್ತದೆ.

ಬುಧವಾರ ಅವಳು ಹಣೆಗೆ ಅಂಟಿದ ಕೂದಲನ್ನು ಉಫ್ ಎಂದು ಊದಿ ಸರಿಸಿ ಓರೆಗಣ್ಣಿಂದ ನೋಡಿದಳು. ಎಡಕ್ಕೆ ತಿರುಗಿಸಲು 'ಪೋರ್ಟ್ ಫೈವ್' ಎನ್ನಬೇಕಾದ ಸುರಜನ ಬಾಯಿ ಬೇರೆಯೇ ಆಡಿತು.

"ಮನೀಷಾ, ನನ್ನ ಮದುವಿ ಆಗು!"

"ಮನೀಷಾ, ನನ್ನ ಮದುವಿ ಆಗು!" ಅವಳು ತಿರುಗಿ ಹೇಳಿದಳು, ಆರ್ಡರ್ ಕೇಳಿದಾಗಿನ ಅದೇ ದನಿಯಲ್ಲಿ. ದೃಷ್ಟಿ ನೆಟ್ಟಗೆ ಮುಂದೆ.

"ಏ, ಖರೇನ ಕೇಳಾಕತ್ತೇನಿ."

"ಏ, ಖರೇನ ಕೇಳಾಕತ್ತೇನಿ!"

ಅವಳ ತುಟಿಯ ಮೂಲೆ ಮಾತ್ರ ನಡುಗಿತು. ನಗುವೋ ಸಿಟ್ಟೋ ತಿಳಿಯುವಷ್ಟರಲ್ಲಿ ಅವಳು ಟ್ರ್ಯಾಕ್ಟರ್ ಚಾಲೂ ಮಾಡಿಕೊಂಡು ಹೋಗಿಯೇಬಿಟ್ಟಳು.

ಅಯ್ಯೋ, ಆ ಎರಡು ದಿನ ಅವನ ಗತಿ! ಕೇಳಿಸಿತು ಎಂದಳು, ಸರಿ. ಒಪ್ಪಿದಳೋ? ಚೇಷ್ಟೆ ಮಾಡಿದಳೋ? ಫೋನ್ ಎತ್ತಲಿಲ್ಲ. ಮೆಸೇಜಿಗೆ ಎರಡು ನೀಲಿ ಗೀಟು ಬಂದವು, ಉತ್ತರವಿಲ್ಲ. ಅವನು ಚಹಾಕ್ಕೆ ಉಪ್ಪು ಹಾಕಿಕೊಂಡ.

"ಹಡಗ ಹತ್ತೂಕಿಂತ ಮೊದಲ ತಲಿ ತಿರುಗೇತೇನೋ ನಿಂದು?" ಎಂದು ಅಜ್ಜಿ ಮಲಕವ್ವ ಬೈದಳು.

ತಿರುಗಿತ್ತು, ಸುಳ್ಳೇಕೆ? ಇದೇ ಗೊಂದಲ ಹೊತ್ತು ಒಂಬತ್ತು ತಿಂಗಳು ಸಮುದ್ರದಲ್ಲಿ ಹೇಗೆ ಕಳೆಯುವುದು? ಹೌದೋ ಅಲ್ಲವೋ, ಅವನಿಗೆ ಒಂದು ಮಾತು ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ ಬಂತು. "ಚಲಾ, ಚಲಾ, ಕೊಲ್ಹಾಪುರ!" ಎಂದು ಕಂಡಕ್ಟರನ ಅವಸರ. ಸುರಜ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದು ಬಸ್ಸಿಗೆ ಅಡ್ಡ ನಿಂತಿತು. ಮೇಲೆ ಮನೀಷಾ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಎಲ್ಲಿ ಹೋಗಿದ್ದಿ ಬೇ? ಹೌದೋ ಅಲ್ಲೋ ಹೇಳಬಾರದಾ?"

"ಪೂರಾ ಆಗೂತನಕ ಆಗೇತಿ ಅನಬಾರದು ಅಂತ ಕಲಿಸಿದಾವ ಯಾರು? ನಾ ಅವತ್ತ ತಿರುಗಿದ್ನಿ. ನಮ್ಮಪ್ಪ ದೊಡ್ಡ ಹಡಗ. ತಿರುಗಾಕ ಎರಡು ದಿನ ಹಿಡೀತು."

ಅವಳು ಸೆಟೆದು ಕೂತು, ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: "ಅಪ್ಪ ಒಪ್ಪ್ಯಾನ. ಮದುವಿ ಗಟ್ಟಿ ಆಗೇತ್ರಿ, ಸಾಹೇಬ್ರ!"

ಸುರಜ ಮೆಟ್ಟಿಲಿಂದ ಕೆಳಗೆ ಜಿಗಿದ. ಸಂತೋಷಕ್ಕೆ ಕಣ್ಣು ತುಂಬಿದವು.

"ಕೇಳಿಸ್ತಿಲ್ಲೋ? ತಿರುಗಿ ಹೇಳ್ರಿ!"

"ಮದುವಿ ಗಟ್ಟಿ ಆಗೇತಿ!" ಎಂದು ಕೂಗಿದ ಸುರಜ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.