ನೆರಳಷ್ಟೇ ಕಾಣುವ ಪರದೆ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು, ಅದನ್ನು ಮುಚ್ಚುವ ಅಧಿಕಾರವನ್ನೂ ಕಣ್ಣಿದ್ದವರಿಗೇ ಬಿಟ್ಟ. ಪರದೆ ಹೊಲಿಯುವ ಅವಳ ನಂಬಿಕೆ ಇಷ್ಟೇ.

ಅವಳ ಅಂಗಡಿಗೆ ಅವನು ಸಿಡಿಮಿಡಿಗುಟ್ಟುತ್ತ ಬಂದ. ಅವನ ಹೊಸ ಮನೆಯ ಕಿಟಕಿಗೆ ಹಿಂದಿನ ದಿನವಷ್ಟೇ ಅವಳು ಪರದೆ ಹಾಕಿ ಬಂದಿದ್ದಳು.

“ಏನೇ ಇದು? ದೀಪ ಹಾಕಿದ್ರೆ ಬೀದಿಗೆಲ್ಲ ಕಾಣ್ತೀನಿ!”

“ನೀನೆಲ್ಲಿ ಕಾಣ್ತೀಯ? ನೆರಳಷ್ಟೇ. ಯಾರು ಅಂತ ಗೊತ್ತಾಗಲ್ಲ.” ಸೂಜಿಗೆ ದಾರ ಪೋಣಿಸುತ್ತಿದ್ದವಳ ತುಟಿಯಂಚಲ್ಲಿ ನಗು, ಕಣ್ಣಲ್ಲಿ ಕೆಂಡ.

“ಕನ್ನಡಿ ಮುಂದೆ ಅಷ್ಟೊತ್ತು ಯಾರಿಗಪ್ಪಾ ಕೈ ಮುಗೀತಿದ್ದೆ ಅಂತಾರೆ ಎದುರುಮನೆ ಅಜ್ಜಿ! ನನ್ನನ್ನೊಂದು ಮಾತು ಕೇಳಬೇಕಿತ್ತು.”

ಅವಳು ಕಾದಿದ್ದದ್ದು ಈ ಮಾತಿಗೇ. ಫೋನ್ ತೆಗೆದು ಅವನೆದುರು ಹಿಡಿದಳು. ಅವನ ಕಂಪನಿಯ ಬ್ರೌಸರ್. “ಇದು ನಿನ್ನ ಬೆನ್ನು ಹತ್ತಲ್ಲ, ನಿನ್ನಾಣೆ” ಎಂದು ತಾನೇ ಹಾಕಿಕೊಟ್ಟಿದ್ದ. ಯಾವ ಜಾಹೀರಾತು ನೋಡಿ ಜನ ಏನು ಕೊಂಡರೆಂದು ಅಳೆಯಲು ಒಪ್ಪಿಗೆ ಎಂಬ ಸಾಲಿನ ಮುಂದೆ, ಅವಳು ಮುಟ್ಟುವ ಮೊದಲೇ ಟಿಕ್ ಬಿದ್ದಿತ್ತು. ಎಲ್ಲರ ಫೋನಿಗೂ ಅದು ಹಾಗೇ ಬರುವಂತೆ ಮಾಡಿದ ಕೈ ಅವನದೇ.

“ನೀನು ನನ್ನನ್ನು ಕೇಳಿದ್ಯಾ?”

“ಅದರಲ್ಲಿ ನಿನ್ನ ಹೆಸರಿಲ್ಲ ಕಣೇ. ಎಲ್ಲರದ್ದೂ ಸೇರಿಸಿ ಎಣಿಸ್ತಾರೆ, ಅಷ್ಟೇ. ಬೇಡ ಅಂದ್ರೆ ಸೆಟ್ಟಿಂಗ್ಸಲ್ಲಿ ತೆಗೀಬಹುದು.”

“ನಿನ್ನ ಪರದೇಲೂ ಹಾಗೇ. ದಪ್ಪ ಬಟ್ಟೆ ಸುತ್ತಿಟ್ಟು, ಮಡಿಕೆಯೊಳಗೆ ಗುಂಡಿ ಹಾಕಿದ್ದೀನಿ. ಬಿಚ್ಚಿದ್ರೆ ಇಳಿಯುತ್ತೆ. ಹುಡುಕ್ಕೋ ಹೋಗು.”

ಅವನು ಇಂಗು ತಿಂದ ಮಂಗನಂತೆ ನಿಂತ. “ಮೌನ ಸಮ್ಮತಿ ಲಕ್ಷಣ ಅಂತಾರಲ್ಲ...”

“ಕೇಳಿದ ಮೇಲೆ ಬರೋದು ಮೌನ. ಕೇಳದೇ ಇದ್ರೆ ಅದು ಕಳ್ಳತನ.”

ಅವನು ತಲೆತಗ್ಗಿಸಿ ಹೋದ. ಪ್ರತಿ ಸಂಜೆಯೂ ಅವನ ನೆರಳು ಬೀದಿಗೆ ಬಿತ್ತು. ಎಷ್ಟು ಸಲ ಕೈ ಮುಗಿದನೆಂದು ಅಜ್ಜಿ ಎಣಿಸಿದರು, ಹಾಲಿನವನೂ ಎಣಿಸಿದ. ಸುದ್ದಿ ಕೇಳಿ ಅವಳ ಎದೆ ತಣ್ಣಗಾಯಿತು, ಆಮೇಲೆ ಚುರುಕ್ಕೆಂದಿತು. ಗುಂಡಿಯನ್ನು ಅವನು ಹುಡುಕಲೇ ಇಲ್ಲ.

ಕಡೆಗೊಂದು ದಿನ ಸೋತ ಮುಖ ಹೊತ್ತು ಬಂದ. “ಹೊಸ ಅಪ್‌ಡೇಟಲ್ಲಿ ಆ ಟಿಕ್ ಇಲ್ಲ, ಹಠ ಹಿಡಿದು ತೆಗೆಸಿದೆ. ಮೊದಲು ಕೇಳ್ತೀವಿ. ಆಫೀಸಲ್ಲಿ ಈಗ ಯಾರೂ ನನ್ನ ಜೊತೆ ಮಾತಾಡಲ್ಲ.”

“ಒಳ್ಳೇದಾಯ್ತು,” ಎಂದಳು, ಮುಖ ಎತ್ತದೆ.

“ಕನ್ನಡಿ ಮುಂದೆ ಕೈ ಮುಗಿದು ಕಲೀತಿದ್ದದ್ದು ಈ ಮಾತು. ನನ್ನನ್ನು ಮದುವೆ ಆಗ್ತೀಯಾ?”

ಅವಳು ಸುಮ್ಮನಿದ್ದಳು. ಕತ್ತರಿ ಬಟ್ಟೆಯ ಉದ್ದಕ್ಕೂ ನಿಧಾನವಾಗಿ ಹರಿಯಿತು. ಸೇಡಿನ ಕೊನೆಯ ತುಂಡು ಅದು, ಸಿಹಿಯಾಗಿತ್ತು. ಈ ಸಲ ಅವನು ಆ ಮೌನವನ್ನು ಒಪ್ಪಿಗೆಯೆಂದು ಎಣಿಸಲಿಲ್ಲ. ಕಾದು ನಿಂತ.

“ಹೂಂ,” ಎಂದಳು ಕೊನೆಗೆ, ಬಾಯಿಬಿಟ್ಟು.

ಆ ಸಂಜೆ ಎದುರುಮನೆ ಅಜ್ಜಿಗೆ ಕಿಟಕಿಯಲ್ಲಿ ಎರಡು ನೆರಳು ಕಂಡವು. ಬಳೆಯಿದ್ದ ಕೈಯೊಂದು ಮಡಿಕೆಯೊಳಗೆ ಹೋಗಿ ಏನನ್ನೋ ಬಿಚ್ಚಿತು. ಆಮೇಲೆ ಏನೂ ಕಾಣಲಿಲ್ಲ.